ಮೃತ್ಯುಪತ್ರ ಬರೆದರೆ ಸಾಲದು, ಕೋರ್ಟಿನಲ್ಲಿ ನಿಲ್ಲಬೇಕು



ಲಸಿಕೆ ಹಾಕಲು, ಗರ್ಭ ಪರೀಕ್ಷೆ ಮಾಡಲು, ವಿಮೆಗೆ ಕಿವಿಯೋಲೆ ಹಾಕಲು ಊರೂರು ತಿರುಗುವಾಗ ದನದ ಮಾತು ಮುಗಿದ ಮೇಲೆ ಇನ್ನೊಂದು ಮಾತು ಬರುತ್ತದೆ. "ಡಾಕ್ಟರ್ರ, ನಮ್ಮ ಮಾವಾರು ಮೃತ್ಯುಪತ್ರ ಬರದಿಟ್ಟು ತೀರಿಕೊಂಡ್ರು. ನಮ್ಮ ನಾದಿನೇರು ಕೋರ್ಟಿಗೆ ಹೋಗ್ಯಾರ. ಈ ಆಕಳಾ ಈಗ ಯಾರ ಹೆಸರಿಗೆ ವಿಮಾ ಮಾಡಸೋದ್ರಿ?" ಮತ್ತೊಂದು ಊರಿನಲ್ಲಿ ಅದೇ ಮಾತಿನ ಇನ್ನೊಂದು ಮುಖ: "ನಮ್ಮಪ್ಪ ಎಲ್ಲಾ ನಮ್ಮ ಅಣ್ಣಗ ಬರದಾನಂತ್ರಿ. ಆ ಕಾಗದಾ ನಾವು ಕಣ್ಣಲೇ ನೋಡಿಲ್ಲ. ಅದು ನಡೀತೈತೇನ್ರಿ?"

ಕೇಳುವ ಇಬ್ಬರೂ ನಮ್ಮ ಸಂಘಗಳ ಸದಸ್ಯರೇ. ಒಬ್ಬರು ಸೊಸೆ, ಇನ್ನೊಬ್ಬರು ಮಗಳು. ನಾನು ದನದ ಡಾಕ್ಟರು, ವಕೀಲಿಕೆ ನನ್ನ ಕೆಲಸವಲ್ಲ. ಆದರೆ ಕೋರ್ಟಿಗೆ ಹೋದ ಮನೆಯಲ್ಲಿ ದನಗಳಿಗೆ ಏನಾಗುತ್ತದೆ ಎಂಬುದು ನನ್ನ ಕೆಲಸಕ್ಕೆ ಸೇರಿದ್ದು. ಹೊಲ ಹತ್ತು ವರ್ಷ ಕೋರ್ಟಿನಲ್ಲಿ ಕಾಯಬಲ್ಲದು. ಆಕಳಿಗೆ ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಹಾಲು ದಿನಕ್ಕೆ ಎರಡು ಹೊತ್ತು ಹಿಂಡಲೇಬೇಕು. ಅದಕ್ಕಾಗಿ ಮೃತ್ಯುಪತ್ರದ ಬಗ್ಗೆ ಪ್ರತಿಯೊಬ್ಬ ಹೆಣ್ಣುಮಗಳು ತಿಳಿದಿರಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೃತ್ಯುಪತ್ರ ಎಂದರೇನು?

ನಮ್ಮ ಕಡೆ ಮೃತ್ಯುಪತ್ರ ಎನ್ನುತ್ತೇವೆ, ಮೈಸೂರು ಕಡೆ ಉಯಿಲು ಎನ್ನುತ್ತಾರೆ, ಇಂಗ್ಲಿಷಿನಲ್ಲಿ ವಿಲ್. ಮೂರೂ ಒಂದೇ. ನನ್ನ ನಂತರ ನನ್ನ ಆಸ್ತಿ ಯಾರಿಗೆ ಹೋಗಬೇಕು ಎಂದು ಬದುಕಿರುವಾಗಲೇ ಬರೆದಿಡುವ ಕಾಗದ ಅದು. ಬರೆದವರು ಬದುಕಿರುವತನಕ ಅದಕ್ಕೆ ಜೀವ ಇಲ್ಲ. ಯಾವಾಗ ಬೇಕಾದರೂ ಬದಲಾಯಿಸಬಹುದು, ರದ್ದು ಮಾಡಬಹುದು. ಒಂದಕ್ಕಿಂತ ಹೆಚ್ಚು ಪತ್ರ ಇದ್ದರೆ ಕಾಯ್ದೆ ಪ್ರಕಾರ ಮಾಡಿದ ಕೊನೆಯ ಪತ್ರವೇ ನಡೆಯುತ್ತದೆ.

ಹಿಂದೂ ಮನೆತನಗಳ ಮೃತ್ಯುಪತ್ರ ಹೇಗಿರಬೇಕು ಎಂಬುದನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಹೇಳುತ್ತದೆ. ಬರೆಯುವವರಿಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಪತ್ರಕ್ಕೆ ಅವರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಮಾಡಿದ್ದನ್ನು ಸಾಕ್ಷಿಗಳು ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಬರೆದವರೇ ಅವರ ಮುಂದೆ ಒಪ್ಪಿರಬೇಕು. ಆಮೇಲೆ ಪ್ರತಿ ಸಾಕ್ಷಿಯೂ ಬರೆದವರ ಕಣ್ಣೆದುರಿಗೆ ಸಹಿ ಮಾಡಬೇಕು.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ಆದೀತು. ಉಪನೋಂದಣಿ ಕಚೇರಿಯಲ್ಲಿ ರಜಿಸ್ಟರ್ ಮಾಡಿಸುವುದೂ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದು, ಕಳೆದುಹೋಗುವ, ತಿದ್ದುವ ಭಯ ಇರುವುದಿಲ್ಲ. ಆದರೆ "ರಜಿಸ್ಟರ್ ಆಗೇತಿ, ಇನ್ನ ಯಾರೂ ಏನೂ ಮಾಡಾಕಾಗಲ್ಲ" ಎಂದು ನಮ್ಮಲ್ಲಿ ಹೇಳುವ ಮಾತು ತಪ್ಪು. ರಜಿಸ್ಟರ್ ಆದ ಪತ್ರವನ್ನೂ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಅದನ್ನೂ ಸಾಕ್ಷಿ ಹಾಕಿಸಿಯೇ ಸಿದ್ಧಮಾಡಬೇಕು.

ಯಾವ ಆಸ್ತಿಯನ್ನು ಬರೆಯಬಹುದು?

ಅಪ್ಪ ಬರೆದ ಮೃತ್ಯುಪತ್ರವನ್ನು ಮಕ್ಕಳು ಕೋರ್ಟಿನಲ್ಲಿ ಪ್ರಶ್ನಿಸುವಾಗ ಮೊದಲು ಬರುವ ತಕರಾರು ಸಹಿಯದಲ್ಲ, ಆಸ್ತಿಯದು. "ಇದು ಅಪ್ಪ ಗಳಿಸಿದ್ದಲ್ಲ, ಹಿರಿಯರಿಂದ ಬಂದದ್ದು. ಇಷ್ಟೂ ಬರೆಯಲು ಅವನಿಗೆ ಹಕ್ಕಿಲ್ಲ" ಎಂಬುದು.

ಸ್ವಂತ ದುಡಿಮೆಯಿಂದ ಕೊಂಡ ಹೊಲ, ಮನೆ, ದನ, ಬ್ಯಾಂಕಿನಲ್ಲಿಟ್ಟ ಹಣ, ಇವೆಲ್ಲ ಸ್ವಯಾರ್ಜಿತ. ಅದನ್ನು ಪೂರ್ತಿಯಾಗಿ ಯಾರಿಗೆ ಬೇಕಾದರೂ ಬರೆಯಬಹುದು. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ತನ್ನ ಪಾಲಿಗೆ ಬರುವಷ್ಟನ್ನೇ ಬರೆಯಬಹುದು.

ಆ ಪಾಲು ಎಷ್ಟು ಎಂಬ ಲೆಕ್ಕದಲ್ಲಿ ಹೆಣ್ಣುಮಕ್ಕಳ ಸ್ಥಾನ ಬದಲಾಗಿದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ, ಮದುವೆಯಾದವರಿಗೂ ಆಗದವರಿಗೂ, ಹುಟ್ಟಿನಿಂದಲೇ ಸಮಪಾಲು ಎಂದಾಯಿತು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಏನು ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಆಗ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾಯ್ದೆ ಪ್ರಕಾರ ವಾಟ್ನಿ ಆಗಿ ಮುಗಿದಿದ್ದರೆ ಮಾತ್ರ ಅದು ಕದಲುವುದಿಲ್ಲ.

ಲೆಕ್ಕ ತಿಳಿಯಲು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪಿತ್ರಾರ್ಜಿತ ಹೊಲ 10 ಎಕರೆ. ನಮ್ಮ ಭಾಗದಲ್ಲಿ ಅಪ್ಪ-ಮಕ್ಕಳ ನಡುವೆ ವಾಟ್ನಿ ಆಗುವಾಗ ಹೆಂಡತಿಗೂ ಒಂದು ಪಾಲು ಇದೆ. ಹಾಗಾಗಿ ಐದು ಪಾಲು, ತಲಾ 2 ಎಕರೆ. ಮನೆಯ ಯಜಮಾನ "10 ಎಕರೆಯೂ ಮಗನಿಗೆ" ಎಂದು ಬರೆದರೂ ಆ ಪತ್ರ ನಡೆಯುವುದು ಅವನ 2 ಎಕರೆಗೆ ಮಾತ್ರ. ಮಗನಿಗೆ ತನ್ನ 2 ಮತ್ತು ಅಪ್ಪನ 2 ಸೇರಿ 4 ಎಕರೆ. ತಾಯಿಗೆ 2, ಹೆಣ್ಣುಮಕ್ಕಳಿಗೆ ತಲಾ 2 ಎಕರೆ ಉಳಿಯುತ್ತದೆ. ಯಜಮಾನ ಏನೂ ಬರೆಯದೆ ತೀರಿಕೊಂಡಿದ್ದರೆ ಅವನ 2 ಎಕರೆಯೂ ತಾಯಿ, ಮಗ, ಇಬ್ಬರು ಹೆಣ್ಣುಮಕ್ಕಳ ನಡುವೆ ಅರ್ಧರ್ಧ ಎಕರೆಯಂತೆ ಹಂಚಿಹೋಗಿ, ನಾಲ್ವರಿಗೂ ಎರಡೂವರೆ ಎಕರೆ ಬರುತ್ತಿತ್ತು. ಯಜಮಾನನ ತಾಯಿ ಬದುಕಿದ್ದರೆ ಆ 2 ಎಕರೆಯಲ್ಲಿ ಅವರಿಗೂ ಒಂದು ಪಾಲು.

"ಮದುವಿ ಮಾಡಿ ಕೊಟ್ಟೇವಿ, ಬಂಗಾರಾ ಹಾಕೇವಿ, ಆಕಿಗೆ ಇನ್ನೆಂಥಾ ಪಾಲು?" ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗ ಇಲ್ಲ. ಮದುವೆಯ ಖರ್ಚಿನಿಂದ ಹಕ್ಕು ಹೋಗುವುದಿಲ್ಲ. ಹಕ್ಕು ಖುಲಾಸೆ ಪತ್ರ ಮಾಡಿ ರಜಿಸ್ಟರ್ ಮಾಡಿಕೊಟ್ಟರೆ ಹೋಗುತ್ತದೆ. ಆದ್ದರಿಂದ "ಉತಾರಕ್ಕ ಬೇಕಾಗೇತಿ, ಒಂದು ಸಹಿ ಹಾಕು" ಎಂದು ಯಾರೇ ಕರೆದರೂ ಕಾಗದವನ್ನು ಪೂರ್ತಿ ಓದಿಸಿಕೊಂಡ ಮೇಲೆಯೇ ಸಹಿ ಮಾಡಿ.

ಕೆಲವು ಎಚ್ಚರಿಕೆಯ ಮಾತು. ಅಜ್ಜನ ಹೆಸರಿನಲ್ಲಿದ್ದದ್ದೆಲ್ಲ ಪಿತ್ರಾರ್ಜಿತ ಎಂದು ತಿಳಿಯಬೇಡಿ. ಅದು ಅಪ್ಪನಿಗೆ ಯಾವಾಗ, ಹೇಗೆ ಬಂತು ಎಂಬ ಕಾಗದ ನೋಡಿಯೇ ವಕೀಲರು ಹೇಳಬೇಕು. ಭೂನ್ಯಾಯ ಮಂಡಳಿಯಿಂದ ಬಂದ ಉಳುಮೆಯ ಹೊಲ, ಸರ್ಕಾರ ಮಂಜೂರು ಮಾಡಿದ ಹೊಲ ಇದ್ದರೆ ಅದನ್ನು ವಕೀಲರಿಗೆ ಮೊದಲೇ ತಿಳಿಸಿ. ಅಂಥ ಹೊಲವನ್ನು ಬರೆಯುವುದಕ್ಕೆ ಬೇರೆ ನಿರ್ಬಂಧಗಳಿವೆ. ಗೇಣಿ ಹಕ್ಕನ್ನು ಕುಟುಂಬದ ಹೊರಗಿನವರಿಗೆ ಮೃತ್ಯುಪತ್ರದಿಂದ ಬರೆಯಲಾಗದು ಎಂದು ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪು ಕೊಟ್ಟಿದ್ದು ಜಮಖಂಡಿಯ ಭೂನ್ಯಾಯ ಮಂಡಳಿಗೆ ಸಂಬಂಧಿಸಿದ ಪ್ರಕರಣದಲ್ಲಿಯೇ.

ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತ, ಜೈನ, ಬೌದ್ಧ ಮನೆತನಗಳಿಗೂ ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡದವರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅವರು ವಕೀಲರನ್ನು ಕೇಳಿ ಮುಂದುವರಿಯಬೇಕು. ಮುಸ್ಲಿಂ ಮನೆತನಗಳಲ್ಲಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗವನ್ನು ಮಾತ್ರ ವಸೀಯತ್ ಮಾಡಬಹುದು. ವಾರಸುದಾರರಲ್ಲೇ ಒಬ್ಬರಿಗೆ ಬರೆಯುವುದಾದರೆ ಉಳಿದವರ ಒಪ್ಪಿಗೆ ಬೇಕು.

ಮಕ್ಕಳು ಕೋರ್ಟಿಗೆ ಹೋದಾಗ ಏನು ನಡೆಯುತ್ತದೆ?

ಸಾಮಾನ್ಯವಾಗಿ ಜಗಳ ಶುರುವಾಗುವುದು ಉತಾರದಿಂದ. ಅಪ್ಪ ತೀರಿಕೊಂಡ ಮೇಲೆ ಒಬ್ಬ ಮಗ ಮೃತ್ಯುಪತ್ರ ತೋರಿಸಿ ತನ್ನ ಹೆಸರು ಹಚ್ಚಲು ಅರ್ಜಿ ಕೊಡುತ್ತಾನೆ. ಉಳಿದವರು ತಕರಾರು ಹಾಕುತ್ತಾರೆ. ಕಂದಾಯ ಇಲಾಖೆ ಮೃತ್ಯುಪತ್ರ ಖರೆಯೋ ಸುಳ್ಳೋ ಎಂದು ತೀರ್ಮಾನಿಸುವುದಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಹೆಸರು ಹೋದ ಮಾತ್ರಕ್ಕೆ ಹಕ್ಕೂ ಹೋಗುವುದಿಲ್ಲ.

ಆಮೇಲೆ ಹೆಣ್ಣುಮಕ್ಕಳು ಅಥವಾ ಇನ್ನೊಬ್ಬ ಮಗ ಪಾಲಿಗಾಗಿ ದಾವೆ ಹೂಡುತ್ತಾರೆ. ಅದಕ್ಕೆ ಉತ್ತರವಾಗಿ ಅಣ್ಣ ಮೃತ್ಯುಪತ್ರ ಹಾಜರು ಮಾಡುತ್ತಾನೆ. ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಮೃತ್ಯುಪತ್ರ ಖರೆ ಎಂದು ಸಿದ್ಧಮಾಡುವ ಹೊಣೆ ಅದನ್ನು ಮುಂದೆ ತಂದವರ ಮೇಲೆಯೇ. "ಸುಳ್ಳು ಅಂತ ನೀನ ತೋರಿಸು" ಎಂದು ಅವರು ತಂಗಿಗೆ ಹೇಳುವಂತಿಲ್ಲ. ಆದರೆ "ಹೆದರಿಸಿ ಬರೆಸಿದರು", "ಮೋಸದಿಂದ ಬರೆಸಿದರು" ಎಂದು ಯಾರು ಹೇಳುತ್ತಾರೋ ಅದನ್ನು ಅವರು ತೋರಿಸಬೇಕಾಗುತ್ತದೆ.

ಸಿದ್ಧಮಾಡುವುದು ಸಾಕ್ಷಿಗಳ ಮೂಲಕ. ಸಹಿ ಮಾಡಿದ ಇಬ್ಬರಲ್ಲಿ ಒಬ್ಬರಾದರೂ, ಬದುಕಿದ್ದರೆ, ಕೋರ್ಟಿಗೆ ಬಂದು ಹೇಳಲೇಬೇಕು. ಇದನ್ನು ನಿಮಗೆ ಗೊತ್ತಿರುವ ಕಿವಿಯೋಲೆಯಿಂದ ತಿಳಿದುಕೊಳ್ಳಿ. ವಿಮೆ ಮಾಡಿದ ಆಕಳು ಸತ್ತರೆ ನಾವು ಶವಪರೀಕ್ಷೆ ಮಾಡುತ್ತೇವೆ. ಕಿವಿಯಲ್ಲಿ ಓಲೆ ಇಲ್ಲದಿದ್ದರೆ "ವಿಮೆ ಮಾಡಿದ ಆಕಳು ಇದೇ" ಎಂದು ಹೇಳಲು ಬರುವುದಿಲ್ಲ, ಪರಿಹಾರ ನಿಲ್ಲುತ್ತದೆ. ಸತ್ತ ಆಕಳು ತಾನೇ ಹೇಳಲಾರದು, ಓಲೆಯೇ ಹೇಳಬೇಕು. ಮೃತ್ಯುಪತ್ರದಲ್ಲಿಯೂ ಬರೆದವರು ಬಂದು ಹೇಳಲಾರರು. ಅವರ ಪರವಾಗಿ ಹೇಳುವವರು ಸಾಕ್ಷಿಗಳು. ಇಬ್ಬರೂ ಸಾಕ್ಷಿಗಳು ತೀರಿಕೊಂಡಿದ್ದರೆ ಅವರ ಕೈಬರಹ, ಸಹಿ ಗುರುತಿಸುವವರನ್ನು ತರಬೇಕಾಗುತ್ತದೆ. ಅದು ಕಷ್ಟದ ಹಾದಿ.

ತೀರ್ಪು ಬರಲು ಎಷ್ಟು ದಿನ? ನಮ್ಮ ಉತ್ತರ ಕರ್ನಾಟಕದ ಎರಡು ಪಾಲಿನ ಪ್ರಕರಣಗಳು ದೇಶಕ್ಕೆಲ್ಲ ಗೊತ್ತಾಗಿವೆ. ಎರಡರಲ್ಲೂ ಪ್ರಶ್ನೆ ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನದು. ಬೆಳಗಾವಿಯ ಫೂಲವತಿ ಪ್ರಕರಣದಲ್ಲಿ ಅಪ್ಪ ತೀರಿಕೊಂಡದ್ದು 1988ರಲ್ಲಿ, ದಾವೆ ಹೂಡಿದ್ದು 1992ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2015ರಲ್ಲಿ. ದಾನಮ್ಮ ಪ್ರಕರಣದಲ್ಲಿ ಅಪ್ಪ ತೀರಿಕೊಂಡದ್ದು 2001ರಲ್ಲಿ, ದಾವೆ 2002ರಲ್ಲಿ, ಇಬ್ಬರು ಹೆಣ್ಣುಮಕ್ಕಳಿಗೆ ಪಾಲು ಸಿಕ್ಕದ್ದು 2018ರ ಫೆಬ್ರವರಿಯಲ್ಲಿ. ಎಲ್ಲ ದಾವೆಗಳೂ ಅಷ್ಟು ದೂರ ಹೋಗುವುದಿಲ್ಲ. ಆದರೂ ದಾವೆ ಹೂಡಿದ ದಿನ ಹುಟ್ಟಿದ ಕರುವಿನ ಮೊಮ್ಮಗಳು ಕರು ಹಾಕುವತನಕ ನಡೆಯುವ ವ್ಯಾಜ್ಯಗಳು ಇವೆ ಎಂಬುದು ನೆನಪಿರಲಿ.

ಎಂಥ ಪತ್ರ ಬೀಳುತ್ತದೆ?

ಇದಕ್ಕೆ ದಾರಿ ತೋರಿದ ತೀರ್ಪು ನಮ್ಮ ರಾಜ್ಯದ್ದೇ. ಹಳೆಯ ಮೈಸೂರು ಸೀಮೆಯಲ್ಲಿ ಲಕ್ಷ್ಮಮ್ಮ ಎಂಬವರು 1945ರಲ್ಲಿ ಮಾಡಿದ್ದೆಂಬ ಉಯಿಲಿನ ವ್ಯಾಜ್ಯ ಅದು. ಕೆಳಗಿನ ಕೋರ್ಟು ಉಯಿಲನ್ನು ಒಪ್ಪಿತು, ಮೈಸೂರು ಹೈಕೋರ್ಟು ಒಪ್ಪಲಿಲ್ಲ. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ವೆಂಕಟಾಚಲ ಅಯ್ಯಂಗಾರ್ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ಇಂದಿಗೂ ಮೃತ್ಯುಪತ್ರದ ವ್ಯಾಜ್ಯಗಳಲ್ಲಿ ವಕೀಲರು ಮುಂದಿಡುತ್ತಾರೆ. ಅದರ ಸಾರ ಇಷ್ಟು: ಸಹಿ ಇದೆ, ಸಾಕ್ಷಿ ಇದೆ ಎಂದರೆ ಸಾಲದು. ಪತ್ರದ ಸುತ್ತ ಸಂಶಯ ಹುಟ್ಟಿಸುವ ಸಂಗತಿಗಳಿದ್ದರೆ ಅದನ್ನು ಮುಂದೆ ತಂದವರೇ ಆ ಸಂಶಯವನ್ನು ತೆಗೆಯಬೇಕು. ಲಾಭ ಪಡೆಯುವವರೇ ಓಡಾಡಿ ಬರೆಸಿದ್ದರೆ ಆ ಹೊಣೆ ಇನ್ನೂ ಭಾರ.

ಸಂಶಯ ಹುಟ್ಟಿಸುವುವು ಇಂಥವು:

• ಆಸ್ತಿ ಪಡೆಯುವ ಮಗನೇ ಬರಹಗಾರರನ್ನು ಕರೆತಂದು, ಸಾಕ್ಷಿಗಳನ್ನೂ ತಾನೇ ಹುಡುಕಿ ತಂದಿರುವುದು.

• ಜೀವನವಿಡೀ ಸಹಿ ಮಾಡುತ್ತಿದ್ದವರ ಪತ್ರದಲ್ಲಿ ಹೆಬ್ಬೆಟ್ಟು ಇರುವುದು, ಅದಕ್ಕೆ ಕಾರಣ ಬರೆದಿಲ್ಲದಿರುವುದು.

• ದವಾಖಾನೆಯಲ್ಲಿ ಹಾಸಿಗೆ ಹಿಡಿದಾಗ, ಸಾಯುವ ಒಂದೆರಡು ದಿನ ಮೊದಲು ಬರೆಸಿರುವುದು.

• ಹೆಂಡತಿಯ ಹೆಸರನ್ನಾಗಲಿ, ಹೆಣ್ಣುಮಕ್ಕಳ ಹೆಸರನ್ನಾಗಲಿ ಪತ್ರದಲ್ಲಿ ಎಲ್ಲಿಯೂ ಎತ್ತದಿರುವುದು.

• ಹಾಳೆಗಳು ಬೇರೆ ಬೇರೆ, ಬರಹ ಬೇರೆ ಬೇರೆ, ಖಾಲಿ ಹಾಳೆಯ ಸಹಿಯ ಮೇಲೆ ಬರೆದಂತೆ ಕಾಣುವುದು.

• ಅಪ್ಪ ತೀರಿ ವರ್ಷಗಟ್ಟಲೆ ಆದ ಮೇಲೆ, ತಂಗಿ ಪಾಲು ಕೇಳಿದಾಗಲೇ ಪತ್ರ ಹೊರಗೆ ಬರುವುದು.

ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಕೊಟ್ಟ ಮಾತ್ರಕ್ಕೆ ಪತ್ರ ಬೀಳುವುದಿಲ್ಲ. ಸಮನಾಗಿ ಹಂಚುವುದಾದರೆ ಮೃತ್ಯುಪತ್ರವೇ ಏಕೆ ಬೇಕು ಎಂದು ಕೋರ್ಟುಗಳೂ ಕೇಳುತ್ತವೆ. ಕಾರಣವಿಲ್ಲದೆ ಹೆಂಡತಿ-ಮಕ್ಕಳನ್ನು ಪೂರ್ತಿ ಕೈಬಿಟ್ಟು, ಅದರ ಜೊತೆಗೆ ಮೇಲಿನ ಒಂದೆರಡು ಸಂಗತಿಗಳೂ ಕೂಡಿಕೊಂಡಾಗ ಪತ್ರ ಅಲುಗಾಡುತ್ತದೆ.

ಪತ್ರ ನಿಮ್ಮ ವಿರುದ್ಧ ಇದ್ದರೂ ಇದೇ ಪಟ್ಟಿಯನ್ನು ಇಟ್ಟುಕೊಂಡು ನೋಡಿ. ರಜಿಸ್ಟರ್ ಆದ ಮೃತ್ಯುಪತ್ರವಿದ್ದರೆ, ಬರೆದವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಕೊಟ್ಟು ಉಪನೋಂದಣಿ ಕಚೇರಿಯಿಂದ ಅದರ ನಕಲು ಪಡೆಯಬಹುದು. ಕಾಗದ ನೋಡದೆ ಜಗಳಕ್ಕೆ ಹೋಗಬೇಡಿ, ಕಾಗದ ನೋಡದೆ ಹಕ್ಕನ್ನೂ ಬಿಡಬೇಡಿ.

ನಿಲ್ಲುವ ಪತ್ರ ಬರೆಯುವುದು ಹೇಗೆ?

ಮನೆಯ ಹಿರಿಯರು ಬರೆಯುವುದಿದ್ದರೆ, ಅಥವಾ ನೀವೇ ಬರೆಯುವುದಿದ್ದರೆ, ಆರೋಗ್ಯ ಚೆನ್ನಾಗಿರುವಾಗ ಬರೆಯಿರಿ. ಪ್ರತಿ ಹೊಲದ ಸರ್ವೆ ನಂಬರು, ಮನೆಯ ನಂಬರು, ಬ್ಯಾಂಕ್ ಖಾತೆ, ದನಗಳಿದ್ದರೆ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆಯಿರಿ. ಮುಂದೆ ಹುಟ್ಟುವ ಕರುಗಳು ಯಾರಿಗೆ ಎಂದೂ ಒಂದು ಸಾಲು ಸೇರಿಸಿ. ಹೆಂಡತಿ, ಎಲ್ಲ ಮಕ್ಕಳ ಹೆಸರೂ ಇರಲಿ. ಯಾರಿಗಾದರೂ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ ಹೇಳಿ: "ಕಿರಿಯ ಮಗಳು ಹತ್ತು ವರ್ಷ ನಮ್ಮನ್ನು ನೋಡಿಕೊಂಡಿದ್ದಾಳೆ", "ಹಿರಿಯ ಮಗನಿಗೆ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿಕೊಟ್ಟಿದ್ದೇನೆ" ಎಂಬಂತೆ. ಸಾಲ ಇದ್ದರೆ ಯಾರು ತೀರಿಸಬೇಕು ಎಂದು ಬರೆಯಿರಿ. ಆಸ್ತಿ ಪಡೆದವರು ಸಾಲದಿಂದ ತಪ್ಪಿಸಿಕೊಳ್ಳಲಾರರು.

ಸಾಕ್ಷಿಗಳು ಆಸ್ತಿ ಪಡೆಯುವವರಾಗಲಿ ಅವರ ಗಂಡ-ಹೆಂಡತಿಯಾಗಲಿ ಆಗಬಾರದು. ಬರೆಯುವವರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಊರಲ್ಲೇ ಇರುವವರು, ಕೋರ್ಟಿಗೆ ಬಂದು ಹೇಳುವ ಧೈರ್ಯ ಇರುವವರು ಆಗಿರಲಿ. ಹಿರಿಯರಿಗೆ ಓದಲು ಬರದಿದ್ದರೆ ಪತ್ರವನ್ನು ಕನ್ನಡದಲ್ಲಿಯೇ ಬರೆಸಿ, ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದಿ ಹೇಳಿ, "ಓದಿ ಹೇಳಲಾಯಿತು, ತಿಳಿದು ಒಪ್ಪಿದ್ದಾರೆ" ಎಂದು ಬರೆಸಿ. ವಯಸ್ಸು ಬಹಳ ಆಗಿದ್ದರೆ ಅದೇ ದಿನ ಸರ್ಕಾರಿ ವೈದ್ಯರಿಂದ ಬುದ್ಧಿ ಸ್ಥಿಮಿತದ ಪ್ರಮಾಣಪತ್ರ ಪಡೆಯಿರಿ. ಆಮೇಲೆ ರಜಿಸ್ಟರ್ ಮಾಡಿಸಿ. ಒಳಗಿನದು ಯಾರಿಗೂ ತಿಳಿಯಬಾರದು ಎಂದಿದ್ದರೆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಇಡುವ ಸೌಲಭ್ಯವೂ ಇದೆ.

ದಾನಪತ್ರ ಬೇರೆ, ನಾಮಿನಿ ಬೇರೆ

ಮೃತ್ಯುಪತ್ರ ಎಂದು ಹೇಳಿ ದಾನಪತ್ರಕ್ಕೆ ಸಹಿ ಮಾಡಿಸಿಕೊಳ್ಳುವುದುಂಟು. ದಾನಪತ್ರ ರಜಿಸ್ಟರ್ ಆದ ದಿನವೇ ಆಸ್ತಿ ಕೈಬಿಡುತ್ತದೆ, ಮನಸ್ಸು ಬದಲಾದರೂ ಮರಳಿ ಬರುವುದು ಕಷ್ಟ. ಮಕ್ಕಳಿಗೆ ದಾನವಾಗಿಯೇ ಕೊಡುವುದಾದರೆ "ನಮ್ಮ ಊಟ, ಬಟ್ಟೆ, ಔಷಧಿ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ. ಆಗ ಮಕ್ಕಳು ನೋಡಿಕೊಳ್ಳದಿದ್ದರೆ, 60 ವರ್ಷ ದಾಟಿದವರು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಆ ದಾನವನ್ನು ರದ್ದು ಮಾಡಿಸಲು ಕೇಳಬಹುದು.

ಬ್ಯಾಂಕಿನಲ್ಲಿ, ಹಾಲಿನ ಸಂಘದಲ್ಲಿ ನಾಮಿನಿ ಹೆಸರು ಕೊಟ್ಟಿರುತ್ತೇವೆ. ನಾಮಿನಿ ಎಂದರೆ ಹಣ, ಷೇರು ತೆಗೆದುಕೊಳ್ಳಲು ನೇಮಿಸಿದವರು. ಅವರು ಪೂರ್ತಿ ಮಾಲೀಕರಾಗುವುದಿಲ್ಲ. ಸಂಘದವರು ನಾಮಿನಿಗೆ ಕೊಟ್ಟರೆ ಸಂಘದ ಹೊಣೆ ಮುಗಿಯಿತು, ಆಮೇಲೆ ಅದು ಮೃತ್ಯುಪತ್ರದಂತೆ, ಇಲ್ಲದಿದ್ದರೆ ವಾರಸುದಾರರ ಪಾಲಿನಂತೆ ಹೋಗಬೇಕು. ಆದರೂ ನಾಮಿನಿ ಹೆಸರು ಕೊಡುವುದನ್ನು ಬಿಡಬೇಡಿ, ಹಣ ಸಿಕ್ಕಿಬೀಳುವುದು ತಪ್ಪುತ್ತದೆ.

ವ್ಯಾಜ್ಯ ನಡೆಯುವಾಗ ದನಗಳ ಗತಿ

ಮೊದಲು ದನ ಯಾರದು ಎಂದು ತಿಳಿದುಕೊಳ್ಳಿ. ನಿಮ್ಮ ಹಾಲಿನ ಬಟವಾಡೆಯಿಂದ, ನಿಮ್ಮ ಹೆಸರಿನ ಸಾಲದಿಂದ ಕೊಂಡ ಆಕಳು, ತವರುಮನೆಯವರು ಕೊಟ್ಟ ಎಮ್ಮೆ, ಅವುಗಳ ಕರುಗಳು ನಿಮ್ಮವು. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಹೆಣ್ಣುಮಗಳ ಆಸ್ತಿಗೆ ಅವಳೇ ಪೂರ್ಣ ಒಡತಿ. ಗಂಡನಾಗಲಿ ಮಾವನಾಗಲಿ ತಮ್ಮ ಮೃತ್ಯುಪತ್ರದಲ್ಲಿ ಅವನ್ನು ಬೇರೆಯವರಿಗೆ ಬರೆಯಲಾರರು. ಆದರೆ ನಿಮ್ಮದೆಂದು ತೋರಿಸಲು ಕಾಗದ ಬೇಕು: ಕೊಂಡ ರಸೀದಿ, ಸಾಲದ ಪಾಸ್‌ಬುಕ್ಕು, ವಿಮೆಯ ಪಾಲಿಸಿ, ಕಿವಿಯೋಲೆ ನೋಂದಣಿಯಲ್ಲಿ ಮಾಲೀಕರ ಹೆಸರು. ನೋಂದಣಿಯೊಂದರಿಂದಲೇ ಮಾಲೀಕತ್ವ ತೀರ್ಮಾನವಾಗದು, ಆದರೆ ಉಳಿದ ಕಾಗದದ ಜೊತೆ ಅದಕ್ಕೆ ತೂಕ ಇದೆ. ಎಷ್ಟೋ ಮನೆಗಳಲ್ಲಿ ದುಡಿಯುವವರು ಹೆಣ್ಣುಮಕ್ಕಳು, ನೋಂದಣಿ ಮಾತ್ರ ಗಂಡಸರ ಹೆಸರಿನಲ್ಲಿ. ಮುಂದಿನ ಸಲ ಓಲೆ ಹಾಕುವಾಗ ನಿಮ್ಮ ದನಕ್ಕೆ ನಿಮ್ಮ ಹೆಸರು ಹೇಳಿ.

ದನ ತೀರಿಕೊಂಡ ಹಿರಿಯರದೇ ಆಗಿದ್ದು, ಮಕ್ಕಳ ನಡುವೆ ದಾವೆ ನಡೆದಿದ್ದರೆ ಹೀಗೆ ಮಾಡಿ:

• ಯಾರ ಕೊಟ್ಟಿಗೆಯಲ್ಲಿ ಎಷ್ಟು ದನ, ಯಾವ ಓಲೆ ಸಂಖ್ಯೆ, ಎಷ್ಟು ತಿಂಗಳ ಗಬ್ಬ ಎಂದು ಎರಡೂ ಕಡೆಯವರ ಮುಂದೆ ಪಟ್ಟಿ ಮಾಡಿ ಸಹಿ ಹಾಕಿಸಿ. ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಪಡೆದರೆ ಇನ್ನೂ ಒಳ್ಳೆಯದು.

• ತೀರಿಕೊಂಡವರ ಹೆಸರಿನಲ್ಲಿ ಹಾಲು ಹಾಕುವುದನ್ನು ಮುಂದುವರಿಸಬೇಡಿ. ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ಅವರ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಕಾರ್ಯದರ್ಶಿಯವರಿಗೆ ಮರಣ ಪ್ರಮಾಣಪತ್ರ ಕೊಟ್ಟು, ದನ ಸಾಕುತ್ತಿರುವವರ ಹೆಸರಿನಲ್ಲಿ ಹಾಕಿ.

• ಹಾಲಿನ ಬಟವಾಡೆ, ಹಿಂಡಿ, ಮೇವು, ಔಷಧಿಯ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡಿ. ಮುಂದೆ ಕೋರ್ಟು ಲೆಕ್ಕ ಕೇಳಿದರೆ ಆ ವಹಿಯೇ ನಿಮ್ಮ ಸಾಕ್ಷಿ.

• ವಿಮೆ ಹಿರಿಯರ ಹೆಸರಿನಲ್ಲಿದ್ದರೆ ಅವರು ತೀರಿದ್ದನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಹೆಸರು ಬದಲಾವಣೆ ಕೇಳಿ. ಓಲೆ ಬಿದ್ದಿದ್ದರೆ ಕೂಡಲೇ ಹೊಸದು ಹಾಕಿಸಿ, ಆ ಸಂಖ್ಯೆಯನ್ನೂ ಕಂಪನಿಗೆ ತಿಳಿಸಿ.

• ತಡೆಯಾಜ್ಞೆ ಇದ್ದರೆ ದನವನ್ನು ಮಾರಬೇಡಿ, ಬೇರೆ ಊರಿಗೆ ಸಾಗಿಸಬೇಡಿ. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಮಾರಲೇಬೇಕಾದರೆ ವಕೀಲರ ಮೂಲಕ ಕೋರ್ಟಿನ ಅನುಮತಿ ಕೇಳಿ.

• ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಬೇನೆಯ ಲಸಿಕೆಯನ್ನು ತಪ್ಪಿಸಬೇಡಿ. ನಾವು ಲಸಿಕೆ ಹಾಕುವಾಗ ದನ ಯಾರ ಪಾಲಿಗೆ ಬಂತು ಎಂದು ಕೇಳುವುದಿಲ್ಲ. "ಅವರ ಆಕಳಾ, ಅವರ ನೋಡ್ಕೊಳ್ಳಲಿ" ಎಂದು ಬಿಟ್ಟರೆ ಬೇನೆ ಇಬ್ಬರ ಕೊಟ್ಟಿಗೆಗೂ ಬರುತ್ತದೆ.

ನಿಮ್ಮ ಆಸ್ತಿಗೆ ನಿಮ್ಮ ಪತ್ರ

ಮೃತ್ಯುಪತ್ರ ಗಂಡಸರಿಗೆ ಮಾತ್ರ ಎಂದು ತಿಳಿಯಬೇಡಿ. ನಿಮ್ಮ ಹೆಸರಿನಲ್ಲಿ ಒಂದು ಎಕರೆ ಹೊಲ, ಎರಡು ಆಕಳು, ಸಂಘದ ಷೇರು, ನಾಲ್ಕು ತೊಲೆ ಬಂಗಾರ ಇದ್ದರೆ ಅದೂ ಆಸ್ತಿಯೇ. ಪತ್ರ ಬರೆಯದೆ ಹೋದರೆ ಹಿಂದೂ ಹೆಣ್ಣುಮಗಳ ಆಸ್ತಿ ಮೊದಲು ಮಕ್ಕಳಿಗೆ, ಗಂಡನಿಗೆ ಸಮನಾಗಿ ಹೋಗುತ್ತದೆ. ಮಕ್ಕಳಿಲ್ಲದಿದ್ದರೆ ತವರಿನಿಂದ ವಾರಸಾಗಿ ಬಂದದ್ದು ತಂದೆಯ ವಾರಸುದಾರರಿಗೆ, ಗಂಡ ಅಥವಾ ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ. ಸ್ವಂತ ದುಡಿದು ಗಳಿಸಿದ್ದೂ ಗಂಡನಿಗೆ, ಅವರಿಲ್ಲದಿದ್ದರೆ ಅವರ ವಾರಸುದಾರರಿಗೆ. ಮಕ್ಕಳಿಲ್ಲದ ವಿಧವೆ ಹಾಲು ಮಾರಿ ಕೂಡಿಸಿದ ಹಣ ಅವರನ್ನು ಸಾಕಿದ ತಾಯಿಗೆ ಹೋಗದೆ, ಮಾತು ಬಿಟ್ಟ ಮೈದುನರಿಗೆ ಹೋಗಬಹುದು. ಹಾಗಾಗಬಾರದು ಎಂದಿದ್ದರೆ ಬರೆದಿಡುವುದೊಂದೇ ದಾರಿ.

ಎಲ್ಲಿ ಕೇಳಬೇಕು?

ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪ್ರತಿಯೊಬ್ಬ ಮಹಿಳೆಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಮಕ್ಕಳು ನೋಡಿಕೊಳ್ಳದ ಹಿರಿಯರಿಗೆ 14567 ಸಹಾಯವಾಣಿ ಇದೆ.

ದಾವೆ ಈಗಾಗಲೇ ನಡೆದಿದ್ದರೂ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಕಟ್ಟಿದ ಕೋರ್ಟ್ ಫೀ ಮರಳಿ ಬರುತ್ತದೆ, ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲ, ಹಾಗಾಗಿ ವ್ಯಾಜ್ಯ ಅಲ್ಲಿಗೇ ಮುಗಿಯುತ್ತದೆ. ಆದರೆ ರಾಜಿ ಎಂದರೆ ಹೆಣ್ಣುಮಗಳು ಬಿಟ್ಟುಕೊಡುವುದು ಎಂದರ್ಥವಲ್ಲ. ನಿಮ್ಮ ಪಾಲು ಎಷ್ಟು ಎಂದು ಮೊದಲು ತಿಳಿದುಕೊಂಡು, ಆಮೇಲೆ ಎಷ್ಟು ಬಿಡಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂದು ನೀವೇ ನಿರ್ಧರಿಸಿ.

ಇದೇ ತಿಂಗಳು ಮಾಡಬಹುದಾದ ಮೂರು ಕೆಲಸ: ನಿಮ್ಮ ದನಗಳ ಓಲೆ ನೋಂದಣಿ ಯಾರ ಹೆಸರಿನಲ್ಲಿದೆ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಸಂಘದಲ್ಲಿ, ಬ್ಯಾಂಕಿನಲ್ಲಿ ನಾಮಿನಿ ಯಾರು ಎಂದು ನೋಡಿ. ಮನೆಯಲ್ಲಿ ಹಿರಿಯರು ಮೃತ್ಯುಪತ್ರ ಬರೆದಿದ್ದರೆ, ಅವರಿಗೆ ಒಪ್ಪಿಗೆ ಇದ್ದರೆ, ಅವರು ಬದುಕಿರುವಾಗಲೇ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕೂಡಿಸಿ ಅದರಲ್ಲಿ ಏನಿದೆ ಎಂದು ಅವರ ಬಾಯಿಂದಲೇ ಹೇಳಿಸಿ. ಆಗ ಬೇಸರವಾಗುವವರು ಅವರನ್ನೇ ಕೇಳಬಹುದು, ಅವರೂ ಉತ್ತರ ಹೇಳಬಹುದು.